ದೊಡ್ಡಮ್ಮನ ಎರಡು ಮಾತುಗಳ ನಡುವೆ

ನನ್ನನ್ನು ಸಾಕಿದವಳು ದೊಡ್ಡಮ್ಮ, ನನ್ನ ತಾಯಿಯ ಅಕ್ಕ. ತಾಯಿ ತೀರಿಹೋದಾಗ ನನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲವಂತೆ. ಹಾಗಾಗಿ ನಾನು ಮಾತು ಕಲಿತದ್ದು ಪೂರ್ತಿ ದೊಡ್ಡಮ್ಮನ ಬಾಯಿಂದ. ನಮ್ಮ ಮನೆ ಇದ್ದದ್ದು ಅನಂತಪುರದ ಪದವಿನ ಕೆಳಗೆ. ಕೆಂಪುಕಲ್ಲಿನ ಆ ಬೋಳು ಬಯಲನ್ನು ದಾಟಿದರೆ ಕುಂಬಳೆಯ ದಾರಿ. ಮನೆಯಲ್ಲಿ ನಾವು ನಾಲ್ಕೇ ಜನ: ದೊಡ್ಡಮ್ಮ, ಅವಳ ಮಗಳು, ನಾನು, ಮತ್ತೆ ದೊಡ್ಡಮ್ಮನ ತಮ್ಮನಾದ ಮಾವ. ದೊಡ್ಡಮ್ಮನ ಮಗಳು ನನಗಿಂತ ದೊಡ್ಡವಳು, ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅಳಿಯಸಂತಾನದ ಕುಟುಂಬವಾದ್ದರಿಂದ ಯಜಮಾನಿಕೆ ಮಾವನದು. ನಾವು ಆಡುತ್ತಿದ್ದದ್ದು ತುಳು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾತಿನ ನಡೆ ಮಾತ್ರ ಆದಷ್ಟು ಹಾಗೇ ಉಳಿಯಲಿ ಎಂದು ನೋಡಿದ್ದೇನೆ.

ದೊಡ್ಡಮ್ಮನ ಮಾತಿಗೆ ಊರಿನಲ್ಲಿ ಹೆಸರಿತ್ತು. ಅವಳು ಜಾಸ್ತಿ ಮಾತಾಡುತ್ತಾಳೆ ಎಂದಲ್ಲ. ಒಂದು ಸಂಗತಿ ಅವಳ ಬಾಯಿಗೆ ಬಂದರೆ ಅದಕ್ಕೆ ಹಿಂದೂ ಮುಂದೂ ಹುಟ್ಟಿಕೊಳ್ಳುತ್ತಿತ್ತು. ಕುಂಬಳೆಯಿಂದ ಬರಿಗೈಯಲ್ಲಿ ಬಂದ ಒಂದು ದಿನ ಅವಳು ಹೇಳಿದ್ದು ನನಗೆ ಈಗಲೂ ಕೇಳಿಸುತ್ತದೆ:

"ಇವತ್ತು ಮೀನಿಲ್ಲ. ಯಾಕೆ ಅಂತ ಕೇಳು. ನಿನ್ನೆ ಗಾಳಿ ಎದ್ದಿತಲ್ಲ, ಅದಕ್ಕೆ ದೋಣಿ ಇಳಿಸಲಿಲ್ಲ. ಇಳಿಸಲಿಲ್ಲ ಅಂತ ಗಂಡಸರು ಸುಮ್ಮನೆ ಮಲಗಿದರಾ? ಇಲ್ಲ, ಬಲೆ ಸರಿಮಾಡಲಿಕ್ಕೆ ಕೂತರು. ಹಾಗೆ ಕೂತದ್ದರಿಂದ, ಆ ಮಾತು ಬಿಟ್ಟ ಎರಡು ಮನೆಯವರು ಹತ್ತಿರ ಹತ್ತಿರ ಕೂತ ಹಾಗಾಯ್ತು. ಒಂದೇ ಬಲೆ ಹಿಡಿದುಕೊಂಡು ಮಾತಾಡದೆ ಇರ್ಲಿಕ್ಕೆ ಆಗ್ತದಾ ಮಾರಾಯ್ತಿ? ಹಾಗೆ ಮಾತಾಡಿ ಮಾತಾಡಿ ಒಂದು ಮನೆಯ ಮಗಳಿಗೂ ಇನ್ನೊಂದು ಮನೆಯ ಮಗನಿಗೂ ಸಂಬಂಧವೇ ಕುದುರಿತು. ಇನ್ನು ನಮಗೆ ಮೀನಿಲ್ಲದಿದ್ದರೆ ಎಂತ, ಮದುವೆ ಊಟ ಉಂಟು!"

ಬೇಲಿಯ ಜಗಳ, ನೀರಿನ ಜಗಳ ಮಾಡಿಕೊಂಡ ಹೆಂಗಸರು ನಮ್ಮ ಅಂಗಳಕ್ಕೆ ಬರುತ್ತಿದ್ದರು. ದೊಡ್ಡಮ್ಮ ನ್ಯಾಯ ಹೇಳುತ್ತಿರಲಿಲ್ಲ. ಅವರು ಹೇಳಿದ್ದನ್ನೇ ತಿರುಗಿ ಹೇಳುತ್ತಿದ್ದಳು, ಸ್ವಲ್ಪ ಹಿಂದೆಮುಂದೆ ಮಾಡಿ. "ಅವಳು ನನ್ನನ್ನು ಬೈದಳು, ನಾನು ಕೊಡ ಎತ್ತಿಹಾಕಿದೆ" ಎಂದು ಒಬ್ಬಳು ಹೇಳಿದರೆ, ದೊಡ್ಡಮ್ಮ "ಕೊಡ ಕೈಜಾರಿತು, ಅದನ್ನು ನೋಡಿ ಅವಳು ಹೆದರಿ ಕೂಗಿದಳು, ಅದು ನಿನಗೆ ಬೈದ ಹಾಗೆ ಕೇಳಿತು, ಹಾಗೋ?" ಎನ್ನುವಳು. ಇಬ್ಬರೂ ಯೋಚನೆಗೆ ಬೀಳುತ್ತಿದ್ದರು.

ಇಂಥ ದೊಡ್ಡಮ್ಮ ಒಂದೇ ಒಂದು ವಿಷಯವನ್ನು ಯಾರಿಗೂ ಹೇಳಲಿಲ್ಲ. ಅದು ಅಕ್ಕನ ಮದುವೆ.

ಯುದ್ಧದ ವರ್ಷಗಳಲ್ಲಿ ಅಕ್ಕ ಹೊಲಿಗೆ ಕಲಿಯಲು ಕಾಸರಗೋಡಿಗೆ ಹೋಗುತ್ತಿದ್ದಳು. ಆಗ ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದಲ್ಲಿ ಜನ ಇಳಿದು ನಡೆಯಬೇಕು. ಹಿಂದಿನ ಒಲೆಗೆ ಗಾಳಿ ಹಾಕುವವರೆಗೆ ದಾರಿಬದಿಯಲ್ಲಿ ಕಾಯಬೇಕು. ಹಾಗೆ ಕಾಯುವ ಹೊತ್ತಿನಲ್ಲೇ ಅಕ್ಕನಿಗೂ ಬಸ್ಸಿನ ಡ್ರೈವರನಿಗೂ ಪರಿಚಯವಾದದ್ದು. ಅವನು ನೀಲೇಶ್ವರದ ಕಡೆಯವನು, ಮನೆಮಾತು ಮಲಯಾಳ, ಜಾತಿ ಬೇರೆ. ಮಾವ ಆಗದು ಎಂದರು. ಅಕ್ಕ ಒಂದು ಬೆಳಿಗ್ಗೆ ಹೊಲಿಗೆಯ ಚೀಲ ಹಿಡಿದುಕೊಂಡು ಎಂದಿನಂತೆ ಹೋದವಳು ತಿರುಗಿ ಬರಲಿಲ್ಲ. ರಿಜಿಸ್ಟ್ರಾರರ ಕಚೇರಿಯಲ್ಲಿ ಮದುವೆಯಾಗಿ ನಾಯ್ಮಾರ್ಮೂಲೆಯ ಪೇಟೆಯ ಹಿಂದೆ ಬಾಡಿಗೆಯ ಕೋಣೆಯಲ್ಲಿ ಸಂಸಾರ ಹೂಡಿದಳೆಂದು ಆಮೇಲೆ ತಿಳಿಯಿತು.

ಕೇಳಲು ಬಂದವರಿಗೆ ಮಾವ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದ ಉತ್ತರ ಇದು: "ನನ್ನ ಅಕ್ಕನಿಗೆ ನಾಚಿಕೆಯಾಗಿ ಹೋಗಿದೆ. ಮಗಳ ಹೆಸರೇ ಎತ್ತುವುದಿಲ್ಲ." ಒಳಗಿದ್ದ ದೊಡ್ಡಮ್ಮ ತಮ್ಮನ ಮಾತನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮಿಕ್ಕ ವಿಷಯಗಳಲ್ಲಿ ಅವಳ ಮಾತು ಮೊದಲಿನಂತೆಯೇ ಹರಿಯುತ್ತಿತ್ತು. ಈ ಒಂದರಲ್ಲಿ ಇಲ್ಲ. ನಾನಾಗ ಮಂಗಳೂರಿನಲ್ಲಿ ಶಿಕ್ಷಕಿಯರ ತರಬೇತಿಯಲ್ಲಿದ್ದೆ. ರಜೆಯಲ್ಲಿ ಬಂದಾಗ ಮಾವ ಹೇಳಿದ್ದನ್ನೇ ನಾನೂ ನಂಬಿದೆ.

ತರಬೇತಿ ಮುಗಿದು ಕುಂಬಳೆಯ ಹತ್ತಿರದ ಒಂದು ಎಲಿಮೆಂಟರಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಯುದ್ಧ ಮುಗಿದಿತ್ತು, ಸ್ವಾತಂತ್ರ್ಯವೂ ಬಂದಿತ್ತು. ಒಂದು ಬೆಳಿಗ್ಗೆ ನಾನು ಹೊರಡುವ ಹೊತ್ತಿಗೆ ದೊಡ್ಡಮ್ಮ ಅಂಗಳದಲ್ಲಿ ಬೇಯಿಸಿದ ಭತ್ತವನ್ನು ಚಾಪೆಯ ಮೇಲೆ ಹರಡುತ್ತಿದ್ದಳು. ಹರಡುತ್ತಲೇ ಏನೋ ಹೇಳುತ್ತಿದ್ದಳು. ಮಾತು ನಡುವಿನಲ್ಲಿ ನಿಂತಿತು. ತಿರುಗಿ ನೋಡಿದರೆ ಅವಳು ಭತ್ತದ ಮೇಲೆ ಬಲಮಗ್ಗುಲಾಗಿ ಬಿದ್ದಿದ್ದಳು, ಕಣ್ಣು ತೆರೆದೇ ಇತ್ತು. ನಾನೂ ಮಾವನೂ ಎತ್ತಿ ಒಳಗೆ ಮಲಗಿಸಿದೆವು.

ಬಲಗೈ, ಬಲಗಾಲು ಹೋಗಿತ್ತು. ಬಾಯಿ ಒಂದು ಕಡೆಗೆ ಎಳೆದುಕೊಂಡಿತ್ತು. ಊರಿನ ವೈದ್ಯರು ಪಕ್ಷವಾತ ಎಂದು ಎಣ್ಣೆ ಕೊಟ್ಟರು. ಕಾಸರಗೋಡಿನಿಂದ ಕರೆಸಿದ ಡಾಕ್ಟರು ತಲೆಯೊಳಗೆ ರಕ್ತ ನಿಂತದ್ದು ಎಂದರು. "ಮಾತು ಬರಬಹುದು. ಎಷ್ಟು ಬರ್ತದೆ ಅಂತ ಯಾರೂ ಹೇಳಲಿಕ್ಕಾಗುವುದಿಲ್ಲ" ಎಂದು ಬ್ಯಾಗು ಮುಚ್ಚಿದರು.

ಮಳೆಗಾಲ ಶುರುವಾಗುವಷ್ಟರಲ್ಲಿ ಮಾತು ಬಂತು. ಮೊದಲು "ನೀರು", "ಬೇಡ", "ಹೌದು". ಆಮೇಲೆ ಚಿಕ್ಕ ಚಿಕ್ಕ ವಾಕ್ಯಗಳು. ನಾವು ಹಿಗ್ಗಿದೆವು. ಸ್ವಲ್ಪ ದಿನದಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ವಾಕ್ಯಗಳು ಒಂದೊಂದೂ ಸರಿ, ಆದರೆ ಒಂದು ಇನ್ನೊಂದನ್ನು ಹಿಡಿದುಕೊಳ್ಳುತ್ತಿರಲಿಲ್ಲ. ಅದಕ್ಕೆ, ಆದರೆ, ಹಾಗಾಗಿ, ಯಾಕೆಂದರೆ, ಆಮೇಲೆ ಎಂಬ ಮಾತುಗಳು ಅವಳ ಬಾಯಿಂದ ಪೂರ್ತಿ ಹೊರಟುಹೋಗಿದ್ದವು. ಗೋಡೆ ಕಟ್ಟಲು ಇಳಿಸಿದ ಕೆಂಪುಕಲ್ಲುಗಳ ಹಾಗೆ ಅವಳ ಮಾತುಗಳು ಬೇರೆಬೇರೆಯಾಗಿ ಬಿದ್ದಿರುತ್ತಿದ್ದವು.

ಒಂದು ಬೆಳಿಗ್ಗೆ ಅವಳು ಹೇಳಿದಳು: "ದನ ಕೂಗ್ತದೆ. ಮಾವ ಊಟ ಮಾಡಲಿಲ್ಲ. ನೀನು ಶಾಲೆಗೆ ಹೋಗು." ದನ ಕೂಗುವುದು ನನಗೆ ಕೇಳಿಸಲಿಲ್ಲ, ಮಾವ ಗದ್ದೆಗೆ ಹೋಗಿದ್ದಾರೆಂದು ನಾನು ತಿಳಿದಿದ್ದೆ. ಮೂರು ಬೇರೆ ಬೇರೆ ಮಾತು ಎಂದುಕೊಂಡು ತಲೆಯಾಡಿಸಿ ಹೊರಟೆ. ಪದವಿನ ಮೇಲೆ ನೋಡಿದರೆ ಮಾವ ಹಸಿದ ಹೊಟ್ಟೆಯಲ್ಲಿ ಹಗ್ಗ ಹಿಡಿದುಕೊಂಡು ಅಲೆಯುತ್ತಿದ್ದರು. ದನ ಹಗ್ಗ ಕಡಿದುಕೊಂಡು ಹೋಗಿತ್ತು. ಅದು ಕೂಗುವುದು ಮನೆಯ ಹಿಂದೆ ಹರಿಯುವ ತೋಡಿನ ಕಡೆಯಿಂದ ದೊಡ್ಡಮ್ಮನಿಗೆ ಕೇಳಿಸಿತ್ತು. ಮಾವ ಊಟ ಬಿಟ್ಟು ತಪ್ಪು ದಿಕ್ಕಿಗೆ ಹುಡುಕಲು ಹೋಗಿದ್ದರು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ಅವರಿಗೆ ಹೇಳಬೇಕು. ಮೂರು ಚಿಕ್ಕ ವಾಕ್ಯಗಳಲ್ಲಿ ಅವಳು ಹೇಳಿದ್ದು ಅಷ್ಟೂ ಆಗಿತ್ತು. ಆ ದಿನ ನಾವು ನಕ್ಕೆವು. ಆದರೆ ದೊಡ್ಡಮ್ಮ ನಗಲಿಲ್ಲ.

ಆ ಮಳೆಗಾಲದ ನಡುವೆ, ಮಳೆ ಸ್ವಲ್ಪ ಬಿಟ್ಟ ಒಂದು ಭಾನುವಾರ, ಅಕ್ಕನ ಗಂಡ ನಮ್ಮ ಮನೆಗೆ ಬಂದ. ಮೊದಲ ಸಲ. ಖಾಕಿ ಅಂಗಿ, ಮೊಣಕಾಲಿನವರೆಗೆ ಕೆಸರು. ಮಾವ ಜಗಲಿಯಿಂದ ಏಳಲೂ ಇಲ್ಲ, ಕೂತುಕೊಳ್ಳಿ ಎನ್ನಲೂ ಇಲ್ಲ. ಬಾವ ಅಂಗಳದಲ್ಲಿ ನಿಂತೇ ಹೇಳಿದ:

"ಅವಳಿಗೆ ಅಮ್ಮನನ್ನು ನೋಡಬೇಕಂತೆ. ಕರಕೊಂಡು ಬರಬಹುದಾ ಅಂತ ಕೇಳಲಿಕ್ಕೆ ಬಂದದ್ದು. ಕೇಳದೆ ಬರುವುದು ಸರಿಯಲ್ಲ ಅಂತ ಅವಳೇ ಹೇಳಿದಳು."

ಮಾವ, "ನಾನು ಬೇಡ ಅಂದರೆ ನಾನೇ ತಡೆದ ಹಾಗೆ ಆಗ್ತದೆ. ಒಳಗಿದ್ದಾಳೆ, ಅವಳನ್ನೇ ಕೇಳಿ" ಎಂದರು.

ನಾನು ಅವನನ್ನು ಒಳಬಾಗಿಲವರೆಗೆ ಕರೆದುಕೊಂಡು ಹೋದೆ. ಕೋಣೆಯಲ್ಲಿ ಬೆಳಕು ಕಡಿಮೆ. ಬಾಗಿಲಲ್ಲಿ ಗಂಡಸು ನಿಂತದ್ದು ಕಂಡದ್ದೇ ದೊಡ್ಡಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಳು. ನಾನು ವಿಷಯ ಹೇಳಿದೆ. ಅವಳ ಬೆನ್ನು ಅಲುಗಲಿಲ್ಲ. ಆಮೇಲೆ ಗೋಡೆಗೆ ಹೇಳಿದ ಹಾಗೆ ಎರಡು ಮಾತು ಬಂತು:

"ಅವಳು ಬರುವುದು ಬೇಡ. ನನಗೆ ನಾಚಿಕೆ."

ಬಾವ ತಲೆ ತಗ್ಗಿಸಿ ಹೊರಗೆ ಬಂದ. ನಾನು ತಂದಿಟ್ಟ ನೀರು ಬೆಲ್ಲವನ್ನು ಮುಟ್ಟಲಿಲ್ಲ. "ಕೇಳಿತಲ್ಲ" ಎಂದರು ಮಾವ. ತಮ್ಮ ಮಾತೇ ನಿಜವಾಯಿತೆಂಬ ಸಂತೋಷ ಅವರ ಮುಖದಲ್ಲಿರಲಿಲ್ಲ. ಅಕ್ಕ ಬಂದರೆ ಬರಲಿ ಎಂದು ಅವರಿಗೂ ಒಳಗೆ ಇತ್ತೋ ಏನೋ. ಬಾವ ಪದವು ಹತ್ತಿ ಹೋಗುವುದನ್ನು ಅವರು ಕೊನೆಯವರೆಗೂ ನೋಡುತ್ತಿದ್ದರು.

ನಾನು ಆಗ ಮೂರನೇ ತರಗತಿಗೆ ಪಾಠ ಮಾಡುತ್ತಿದ್ದೆ. ಮಕ್ಕಳು ಬರೆಯುವ ವಾಕ್ಯಗಳು ಚಿಕ್ಕದಾಗಿರಬೇಕು, ತಪ್ಪಿಲ್ಲದಿರಬೇಕು ಎಂದು ನಮಗೆ ಕಲಿಸಿದ್ದರು. ಇನ್ಸ್‌ಪೆಕ್ಟರರು ಬಂದರೂ ನೋಡುತ್ತಿದ್ದದ್ದು ಅಷ್ಟನ್ನೇ. ಬಾವ ಬಂದು ಹೋದ ವಾರ, ಮನೆಯಲ್ಲಿ ನಡೆದದ್ದನ್ನು ಬರೆಯಿರಿ ಎಂದು ಮಕ್ಕಳಿಗೆ ಹೇಳಿದೆ. ಒಬ್ಬಳು ಹುಡುಗಿ ಸ್ಲೇಟಿನಲ್ಲಿ ಬರೆದಿದ್ದಳು: "ಅಜ್ಜ ಬಂದರು. ನಾನು ಅತ್ತುಬಿಟ್ಟೆ. ಅಜ್ಜ ಹೋದರು."

ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ನಾನು ಕೇಳಿದೆ: "ಅಜ್ಜ ಬಂದರೆ ಅಳುವುದಾ? ಜೋರು ಮಾಡ್ತಾರಾ?"

"ಅಜ್ಜ ಜೋರು ಮಾಡುವುದಿಲ್ಲ ಟೀಚರೇ" ಎಂದಳು. "ಅಜ್ಜ ಒಂದೇ ದಿನ ಇರುವುದು. ನಾಳೆ ಹೋಗ್ತಾರೆ ಅಂತ ಗೊತ್ತುಂಟಲ್ಲ, ಅದಕ್ಕೆ."

ನಾನು ಅವಳ ಅಳುವನ್ನು ಹಿಂದಿನ ವಾಕ್ಯಕ್ಕೆ ಕಟ್ಟಿದ್ದೆ. ಅದರ ಗಂಟು ಇದ್ದದ್ದು ಮುಂದಿನ ವಾಕ್ಯದಲ್ಲಿ. ಸ್ಲೇಟನ್ನು ಕೈಯಲ್ಲಿ ಹಿಡಿದುಕೊಂಡು ನಿಂತಾಗ ದೊಡ್ಡಮ್ಮನ ಎರಡು ಮಾತು ನೆನಪಾಯಿತು. "ಅವಳು ಬರುವುದು ಬೇಡ" ಎಂದಿದ್ದಳು. "ನನಗೆ ನಾಚಿಕೆ" ಎಂದಿದ್ದಳು. "ಅವಳು ಮಾಡಿದ್ದಕ್ಕೆ" ಎಂದು ಅವಳು ಹೇಳಿರಲಿಲ್ಲ. ಆ ಮಾತನ್ನು ನಡುವೆ ಇಟ್ಟವರು ನಾವು. ಮಾವ ಇಟ್ಟರು, ಬಾವ ಇಟ್ಟ, ನಾನೂ ಇಟ್ಟೆ. ಅದು ಎಷ್ಟೋ ವರ್ಷದಿಂದ ಜಗಲಿಯಲ್ಲಿ ಸಿದ್ಧವಾಗಿದ್ದದ್ದರಿಂದ ಮೂವರಿಗೂ ಒಂದೇ ಮಾತು ಸಿಕ್ಕಿತು.

ಆದರೂ ಅದು ಬರೀ ಸಂಶಯ. ಆ ಶನಿವಾರ ಮೀನು ಮಾರುವ ಹೆಂಗಸು ಬುಟ್ಟಿ ಇಳಿಸಿ, "ಎಂತ, ಅಮ್ಮ ಹೇಗಿದ್ದಾರೆ? ಒಂದು ಸಲ ನೋಡಿ ಹೋಗ್ತೇನೆ" ಎಂದು ಒಳಗೆ ಹೊರಟಳು. ನಾನು ದೊಡ್ಡಮ್ಮನಿಗೆ ಗಂಜಿ ಕುಡಿಸುತ್ತಿದ್ದೆ. ಧ್ವನಿ ಕೇಳಿದ್ದೇ ತಡ, ಅವಳು ಎಡಗೈಯಿಂದ ಸೆರಗು ಎಳೆದು ಬಾಯಿ ಮುಚ್ಚಿಕೊಂಡಳು. ವಾರೆಯಾದ ತುಟಿಯಿಂದ ಗಂಜಿ ಇಳಿದು ಸೆರಗು ಒದ್ದೆಯಾಯಿತು. "ಅವಳು ಬರುವುದು ಬೇಡ" ಎಂದಳು ಸೆರಗಿನೊಳಗಿಂದ.

ಮೀನಿನವಳನ್ನು ಹೇಗೋ ಸಾಗಹಾಕಿ ನಾನು ತಿರುಗಿ ಬಂದು ಹತ್ತಿರ ಕೂತೆ.

"ದೊಡ್ಡಮ್ಮಾ, ಮೊನ್ನೆ ನಾಚಿಕೆ ಅಂದಿಯಲ್ಲ. ಎಂತಕ್ಕೆ ನಾಚಿಕೆ? ಅಕ್ಕ ಅವನನ್ನು ಮದುವೆಯಾದದ್ದಕ್ಕಾ?"

ಅವಳು ನನ್ನನ್ನೇ ನೋಡಿದಳು. ಏನು ಹೇಳುತ್ತಿದ್ದಾಳೆ ಇವಳು ಎಂಬ ನೋಟ. ಆಮೇಲೆ ಅರ್ಥವಾಗಿ ಎಡಗೈಯಿಂದ ಗೋಡೆಗೆ ಹೊಡೆದಳು. "ಬಾಯಿ" ಎಂದಳು. "ನನ್ನ ಬಾಯಿ. ನನ್ನ ಬಾಯಿ." ಅಳು ಬಂತು.

ಯಾರಾದರೂ ಅಂಗಳಕ್ಕೆ ಬರುವ ಮುಂಚೆ ತಲೆ ಬಾಚಿ, ಬೇರೆ ಸೀರೆ ಉಟ್ಟು ನಿಲ್ಲುತ್ತಿದ್ದ ಹೆಂಗಸು ಅವಳು. ತನ್ನ ಮಗಳು ಇಷ್ಟು ವರ್ಷದ ಮೇಲೆ ಬಂದು ಮೊದಲು ನೋಡುವುದು ಈ ಬಾಯಿಯನ್ನು ಎಂಬುದು ಅವಳಿಗೆ ತಡೆಯಲಾಗದೆ ಹೋಗಿತ್ತು. ಅವಳು ಹೇಳಿದ್ದು ಅಷ್ಟೇ.

ಮಾವನಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ನೀನು ನಿನಗೆ ಬೇಕಾದ ಹಾಗೆ ಜೋಡಿಸ್ತಿ. ಅವಳು ಎರಡು ಮಾತು ಹೇಳ್ತಾಳೆ, ಮೂರನೆಯದ್ದು ನೀನು ಸೇರಿಸುವುದು" ಎಂದರು.

"ನೀವು ಸೇರಿಸಿದ್ದು ಯಾರದ್ದು ಮಾವಾ?" ಎಂದೆ. ಮಾವನ ಎದುರು ನಾನು ಹಾಗೆ ಮಾತಾಡಿದವಳಲ್ಲ. ಅವರು ಸಿಟ್ಟಾಗಲಿಲ್ಲ. ಎದ್ದು ಒಳಗೆ ಹೋದರು, ದೊಡ್ಡಮ್ಮನ ಕಾಲಬುಡದಲ್ಲಿ ಕೂತರು, ಬಹಳ ಮೆತ್ತಗೆ ಕೇಳಿದರು:

"ಅಕ್ಕಾ, ನಿನಗೆ ಮಗಳ ಮೇಲೆ ನಾಚಿಕೆಯಾ?"

ದೊಡ್ಡಮ್ಮ ತಲೆಯನ್ನು ಜೋರಾಗಿ ಅಲ್ಲವೆಂದು ಆಡಿಸಿದಳು.

"ಹಾಗಾದರೆ ನಿನ್ನ ಈ ಅವಸ್ಥೆಗಾ?"

ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಮಾವ ಸೆರಗಿನ ಮೇಲಿಂದಲೇ ಅವಳ ತಲೆ ಮುಟ್ಟಿದರು. ಅವರಿಬ್ಬರನ್ನು ಬಿಟ್ಟು ನಾನು ಅಡಿಗೆಮನೆಗೆ ಹೋದೆ.

ಮರುದಿನ ಕುಂಬಳೆಯಲ್ಲಿ ರೈಲು ಹತ್ತಿ ಕಾಸರಗೋಡಿನಲ್ಲಿ ಇಳಿದೆ. ಅಲ್ಲಿಂದ ನಾಯ್ಮಾರ್ಮೂಲೆಗೆ ನಡೆದೆ. ಅಕ್ಕನ ಮನೆ ಒಣಮೀನಿನ ಅಂಗಡಿಯ ಹಿಂದೆ, ಹಂಚಿನ ಮಾಡಿನ ಒಂದು ಕೋಣೆ. ಹೊಲಿಗೆಯಂತ್ರದ ಮುಂದೆ ಕೂತಿದ್ದ ಅಕ್ಕ ನನ್ನನ್ನು ಕಂಡು ಏಳಲಿಲ್ಲ.

"ಇನ್ನು ಎಂತ ಹೇಳಲಿಕ್ಕೆ ಉಳಿದದ್ದು?" ಎಂದಳು.

ನಾನು ಹೇಳಿದೆ. ಗಂಜಿ, ಸೆರಗು, ಗೋಡೆಗೆ ಹೊಡೆದದ್ದು, ಎಲ್ಲವನ್ನೂ ದೊಡ್ಡಮ್ಮನೇ ಕಲಿಸಿದ ಹಾಗೆ ಒಂದರ ಹಿಂದೆ ಒಂದನ್ನು ಇಟ್ಟು ಹೇಳಿದೆ. ಅಕ್ಕನ ಕಾಲು ಯಂತ್ರದ ಮೆಟ್ಟಿನ ಮೇಲೆಯೇ ಇತ್ತು.

"ಬಾಯಿ ವಾರೆಯಾಗಿದೆ ಅಂತ ನನಗೆ ಯಾರೂ ಹೇಳಲಿಲ್ಲ" ಎಂದಳು ಕೊನೆಗೆ.

ಬಾಗಿಲಲ್ಲಿ ನಿಂತಿದ್ದ ಬಾವ, "ನಾನು ಮುಖ ನೋಡಲೇ ಇಲ್ಲ. ಬೆನ್ನು ಮಾತ್ರ ನೋಡಿದ್ದು" ಎಂದ.

ಅಕ್ಕ ಕೂಡಲೇ ಹೊರಡುತ್ತಾಳೆಂದು ನಾನು ತಿಳಿದಿದ್ದೆ. ಆದರೆ ಅವಳು ಕಣ್ಣು ಒರೆಸಿಕೊಂಡು ಯೋಚಿಸಿದಳು. "ಆದರೂ ಬೇಡ ಅಂದದ್ದು ಬೇಡವೇ ಅಲ್ವಾ? ಕಾರಣ ಬೇರೆಯಾದ ಕೂಡಲೆ ಬೇಡ ಅನ್ನುವುದು ಬಾ ಅಂತ ಆಗ್ತದಾ?"

ಆಮೇಲೆ ಅವಳೇ ಹೇಳಿದಳು: "ನನ್ನ ಮೇಲಿನ ನಾಚಿಕೆ ಆಗಿದ್ದರೆ ನಾನು ಮಾಡುವಂಥದ್ದು ಎಂತದ್ದೂ ಇರಲಿಲ್ಲ. ಇದಕ್ಕಾದರೆ ದಾರಿ ಉಂಟು. ಅಮ್ಮನಿಗೆ ಹೇಳು, ನಾನು ಬಂದರೆ ಅವಳ ಬೆನ್ನ ಹಿಂದೆಯೇ ಕೂತುಕೊಳ್ತೇನೆ. ತಲೆ ಬಾಚಿ ಕೊಡ್ತೇನೆ. ಅವಳು ಹೇಳುವವರೆಗೆ ಮುಖ ನೋಡುವುದಿಲ್ಲ. ಹಾಗಾದರೆ ಬರಬಹುದಾ, ಕೇಳು."

ನಾನು ಬಂದು ಕೇಳಿದೆ. ದೊಡ್ಡಮ್ಮ ಎಡಗೈಯಿಂದ ತನ್ನ ಗಂಟು ಕಟ್ಟಿದ ಕೂದಲನ್ನು ಮುಟ್ಟಿಕೊಂಡು, "ಎಣ್ಣೆ" ಎಂದಳು. "ಎಣ್ಣೆ ಬೇಕು." ಅದನ್ನು ಜೋಡಿಸಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ.

ನಾನು ಹೇಳಿಕಳಿಸಿದ ಮೇಲೆ ಅಕ್ಕ ಬಾವನ ಜೊತೆ ಬಂದದ್ದು ಒಂದು ದಿನ ಮಧ್ಯಾಹ್ನದ ಮುಂಚೆ. ಅಂಗಳಕ್ಕೆ ಬಾರದೆ ಹಿಂದಿನಿಂದ, ಬಾವಿಕಟ್ಟೆಯ ಕಡೆಯಿಂದ ಬಂದಳು. ದೊಡ್ಡಮ್ಮನನ್ನು ನಾನು ಗೋಡೆಗೆ ಮುಖಮಾಡಿ ಕೂರಿಸಿದ್ದೆ. ಅಕ್ಕ ಮಾತಾಡದೆ ಹಿಂದೆ ಕೂತು ಗಂಟು ಬಿಚ್ಚಿದಳು. ಕೂದಲು ತುಂಬಾ ಸಿಕ್ಕಾಗಿತ್ತು. ತುದಿಯಿಂದ ಬಿಡಿಸುತ್ತ ಬಂದಳು, ಎಣ್ಣೆ ಹಾಕಿದಳು, ಬೈತಲೆ ತೆಗೆದಳು. ಇಬ್ಬರೂ ಅಳುತ್ತಿದ್ದರು, ಒಬ್ಬರದು ಒಬ್ಬರಿಗೆ ಕಾಣುತ್ತಿರಲಿಲ್ಲ. ಹೊರಗೆ ಮಾವ ಬಾವನಿಗೆ ಚಾಪೆ ಹಾಕಿಕೊಟ್ಟು, ಬಸ್ಸಿಗೆ ಈಗ ಪೆಟ್ರೋಲು ಸರಿಯಾಗಿ ಸಿಗುತ್ತದೋ ಎಂದು ವಿಚಾರಿಸುತ್ತಿದ್ದರು. ಅವರಿಗೆ ಬಸ್ಸಿನ ಬಗ್ಗೆ ತಿಳಿಯುವ ಆಸೆ ಯಾವತ್ತೂ ಇದ್ದದ್ದು ನಾನು ಕಾಣೆ.

ಜಡೆ ಹೆಣೆದು ಗಂಟು ಹಾಕಿ ಆದ ಮೇಲೆ ಅಕ್ಕ ಕೈ ತೆಗೆದಳು. ದೊಡ್ಡಮ್ಮ ಎಡಗೈ ಊರಿ, ನಾನು ಹಿಡಿಯುವ ಮುಂಚೆಯೇ, ತಾನೇ ತಿರುಗಿದಳು.

"ನೋಡು" ಎಂದಳು.

ಅಕ್ಕ ನೋಡಿದಳು. "ಸ್ವಲ್ಪ ವಾರೆ ಉಂಟು ಅಷ್ಟೆ" ಎಂದು ಸೆರಗಿನ ತುದಿಯಿಂದ ಅವಳ ತುಟಿಯ ಬದಿ ಒರೆಸಿದಳು.

ಅಕ್ಕ ಆ ಮಳೆಗಾಲವೆಲ್ಲ ನಮ್ಮಲ್ಲಿ ಉಳಿದಳು. ದೊಡ್ಡಮ್ಮನ ಜೊತೆ ಮಾತಾಡುವ ಬಗೆಯನ್ನು ಹುಡುಕಿಕೊಂಡವಳು ಅವಳೇ. ನನ್ನ ಹಾಗೆ ಅವಳು ತಾನೇ ಜೋಡಿಸುತ್ತಿರಲಿಲ್ಲ. ದೊಡ್ಡಮ್ಮ ಎರಡು ಮಾತು ಹೇಳಿದರೆ ಅಕ್ಕ ಒಂದೊಂದಾಗಿ ಕೇಳುತ್ತಿದ್ದಳು: "ಅದಕ್ಕೆಯಾ? ಆದರೂವಾ? ಆಮೇಲೆಯಾ?" ಸರಿಯಾದದ್ದು ಬಂದಾಗ ದೊಡ್ಡಮ್ಮ ಅವಳ ಕೈ ಮೇಲೆ ತಟ್ಟುತ್ತಿದ್ದಳು. "ಗದ್ದೆಗೆ ನೀರು ಬಂತು. ತಮ್ಮ ಹೋಗಲಿಲ್ಲ." ಆದರೂವಾ? ತಟ್ಟು. ನೀರು ಬಂದರೂ ಮಾವ ಹೋಗಲಿಲ್ಲ ಎಂಬ ದೂರು ಅದು. ಸ್ವಲ್ಪ ದಿನದಲ್ಲಿ ಮಾವನೂ ಕಲಿತರು. ಅವರ ತಾಳ್ಮೆ ನನಗೆ ಆಶ್ಚರ್ಯ ತರಿಸಿತು. ದೊಡ್ಡಮ್ಮನಿಗೆ ಹೇಳಲು ಇನ್ನೂ ತುಂಬಾ ಇತ್ತು, ಕಟ್ಟಲು ಮಾತ್ರ ಕೈ ಬೇಕಾಗಿತ್ತು.

ಒಂದು ದಿನ ಮಧ್ಯಾಹ್ನ ಊಟವಾಗಿ ಎಲ್ಲರೂ ಇದ್ದೆವು. ಮಾವ ಬಾಗಿಲ ಹತ್ತಿರ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ದೊಡ್ಡಮ್ಮ ಅಕ್ಕನ ಕೈ ಹಿಡಿದು ಹೇಳಿದಳು:

"ನೀನು ಹೋದೆ. ನಾನು ಮಾತಾಡಲಿಲ್ಲ."

ಅಕ್ಕ ತಗ್ಗಿದ ಸ್ವರದಲ್ಲಿ, "ನಾನು ಹೋದೆ, ಅದಕ್ಕೆ ನೀನು ಮಾತಾಡಲಿಲ್ಲ. ಹಾಗಾ?" ಎಂದಳು.

ದೊಡ್ಡಮ್ಮ ತಟ್ಟಲಿಲ್ಲ.

"ನಾನು ಹೋದ ಮೇಲೆ ಯಾರ ಹತ್ತಿರವೂ ಮಾತಾಡಲಿಲ್ಲವಾ?"

ತಟ್ಟಲಿಲ್ಲ. ಅವಳು ಕಣ್ಣು ಮುಚ್ಚಿ, ಎಡಗೈ ಎತ್ತಿ, ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಇಟ್ಟ ಹಾಗೆ ಗಾಳಿಯಲ್ಲಿ ಮಾಡಿ ತೋರಿಸಿದಳು. ಜಗಳಗಂಟಿ ಹೆಂಗಸರ ಮಾತನ್ನು ತಿರುಗಿಸಿ ಹೇಳುತ್ತಿದ್ದವಳ ಕೈ ಅದು. ಬಹಳ ಕಷ್ಟಪಟ್ಟು ಹೇಳಿದಳು:

"ನಾನು ಮಾತಾಡಲಿಲ್ಲ. ನೀನು ಹೋದೆ."

ಅಕ್ಕನಿಗೆ ಅರ್ಥವಾಯಿತು. ನನಗೂ ಆಯಿತು. ಮಾವ ಆಗದು ಎಂದ ದಿನ, ಒಂದು ಮಾತು ಆಡಬೇಕಾದವಳು ತಾನು. ಆಡಿದ್ದರೆ ಮಾವ ಕೇಳುತ್ತಿದ್ದರು, ಯಾಕೆಂದರೆ ದೊಡ್ಡಮ್ಮನ ಮಾತು ಮೀರಿದವರಲ್ಲ ಅವರು. ಆಡಲಿಲ್ಲ. ಅದಕ್ಕೇ ಮಗಳು ಹೇಳದೆ ಹೋದಳು. ಇಷ್ಟು ವರ್ಷ ಊರಿನ ಎಲ್ಲ ಸಂಗತಿಗೂ ಕಾರಣ ಹೇಳುತ್ತಿದ್ದವಳು ಇದೊಂದನ್ನು ಹೇಳದೆ ಇದ್ದದ್ದಕ್ಕೆ ಕಾರಣ, ಅದನ್ನು ಹೇಳತೊಡಗಿದರೆ ಮಾತು ತನ್ನಲ್ಲಿಗೇ ಬಂದು ನಿಲ್ಲುತ್ತಿತ್ತು.

"ನೀನು ಮಾತಾಡಲಿಲ್ಲ, ಅದಕ್ಕೆ ನಾನು ಹೋದೆ" ಎಂದು ಅಕ್ಕ ಪೂರ್ತಿ ಹೇಳಿದಳು. ದೊಡ್ಡಮ್ಮ ಅವಳ ಕೈಯನ್ನು ಎರಡು ಸಲ ತಟ್ಟಿದಳು. ಅಕ್ಕ ಮತ್ತೆ ಸೇರಿಸಿದಳು: "ಆದರೆ ಅಮ್ಮಾ, ನೀನು ಮಾತಾಡಿದ್ದರೂ ನಾನು ಅವನನ್ನೇ ಮದುವೆಯಾಗುತ್ತಿದ್ದೆ. ಇಲ್ಲಿಂದಲೇ ಆಗುತ್ತಿದ್ದೆ, ಅಷ್ಟೇ ವ್ಯತ್ಯಾಸ."

ದೊಡ್ಡಮ್ಮನಿಗೆ ನಗು ಬಂತು. ಮಾವ ಎದ್ದು ಅಂಗಳಕ್ಕಿಳಿದರು. ಗದ್ದೆಯ ಕಡೆ ಹೋಗಿ ಸಂಜೆಯವರೆಗೆ ಬರಲಿಲ್ಲ. ಬಂದ ಮೇಲೆ ಕೈಕಾಲು ತೊಳೆದು, "ಮುಂದಿನ ಭಾನುವಾರ ಅವನಿಗೂ ಊಟಕ್ಕೆ ಬರಲಿಕ್ಕೆ ಹೇಳು. ನಾನೇ ಹೇಳಿದ್ದು ಅಂತ ಹೇಳು" ಎಂದರು ಅಕ್ಕನಿಗೆ.

ಬಾವ ಬಂದ. ಮಾವನ ಪಕ್ಕದಲ್ಲೇ ಅವನಿಗೆ ಎಲೆ ಹಾಕಿದೆವು. ಎರಡನೇ ಸಲ ಪಾಯಸ ಬಡಿಸುವಾಗ ಬಾವ ಸಾಕು ಎಂದು ಕೈ ಅಡ್ಡ ಹಿಡಿದರೆ, ಮಾವ ಅವನ ಕೈಯನ್ನು ಸರಿಸಿ, "ಹಾಕು, ಹಾಕು" ಎಂದರು.

ನನ್ನ ಪಾಠ ಅಂದಿನಿಂದ ಸ್ವಲ್ಪ ಬದಲಾಯಿತು. ಮಕ್ಕಳು ವಾಕ್ಯ ಬರೆದು ತಂದರೆ ನಾನು ಕಾಗುಣಿತ ನೋಡುವ ಮೊದಲು, "ಇದಕ್ಕೂ ಅದಕ್ಕೂ ಎಂತ ಸಂಬಂಧ?" ಎಂದು ಕೇಳತೊಡಗಿದೆ. ಕೆಲವರಿಗೆ ಇಷ್ಟವಾಯಿತು, ಕೆಲವರಿಗೆ ಕಷ್ಟವಾಯಿತು. ಒಮ್ಮೆ ಇನ್ಸ್‌ಪೆಕ್ಟರರು ಬಂದು ವಾಕ್ಯಗಳು ಉದ್ದವಾಗುತ್ತಿವೆ ಎಂದು ಹೇಳಿ ಹೋದರು. ಅವರು ಹೇಳಿದ್ದು ಸರಿಯೇ. ಉದ್ದವಾಗುತ್ತಿದ್ದವು.

ದೊಡ್ಡಮ್ಮನ ಕಾಲಿಗೆ ಸ್ವಲ್ಪ ಬಲ ಬಂದು ಕೋಲು ಹಿಡಿದು ನಡೆಯುವಂತಾದಳು. ಕಳೆದುಹೋದ ಮಾತುಗಳಲ್ಲಿ "ಅದಕ್ಕೆ" ಎಂಬುದೊಂದು ತಿರುಗಿ ಬಂತು. ಮಿಕ್ಕದ್ದು ಬರಲಿಲ್ಲ. ಕೆಲವು ವರ್ಷಗಳ ಮೇಲೆ ಬಾವನಿಗೆ ಬದಿಯಡ್ಕದ ಕಡೆಯ ಬಸ್ಸು ಸಿಕ್ಕಿ, ಅವರು ಅಗಲ್ಪಾಡಿಯಲ್ಲಿ ಮನೆ ಮಾಡಿದರು. ಅಕ್ಕನ ಬಾಣಂತನಕ್ಕೆ ದೊಡ್ಡಮ್ಮನನ್ನು ಕರೆಯಲು ಬಾವ ಬಂದಾಗ, ಈ ಮೈಯಲ್ಲಿ ಅವಳು ಹೋಗಿ ಎಂತ ಮಾಡುವುದು ಎಂದು ಮಾವ ತಡೆದರು. ದೊಡ್ಡಮ್ಮ ಕೋಲನ್ನು ಊರಿ ಎದ್ದು ನಿಂತು, "ಮಗಳು ಕರೆದಳು. ಅದಕ್ಕೆ" ಎಂದಳು. ಈ ಸಲ ಯಾರೂ ಜೋಡಿಸಬೇಕಾಗಿರಲಿಲ್ಲ. ಮಾವ ಅವಳ ಬಟ್ಟೆಯ ಗಂಟನ್ನು ತಾವೇ ಹೊತ್ತು ಬಸ್ಸಿನವರೆಗೆ ಬಂದರು.

ಬಾಣಂತನಕ್ಕೆ ಹೋದವಳು ಅಲ್ಲೇ ಉಳಿದಳು. ಶಾಲೆಗೆ ರಜೆ ಸಿಕ್ಕಾಗಲೆಲ್ಲ ನಾನು ಅಗಲ್ಪಾಡಿಗೆ ಹೋಗುತ್ತಿದ್ದೆ. ಅಲ್ಲಿಯ ನೆರೆಹೊರೆಯವರು ಹಳೆಯ ದೊಡ್ಡಮ್ಮನನ್ನು ಕಂಡವರಲ್ಲ. ಅವರ ಪಾಲಿಗೆ ಅವಳು ಯಾವಾಗಲೂ ತುಂಡುತುಂಡಾಗಿ ಮಾತಾಡುವ ಅಜ್ಜಿ. ಒಂದು ಸಲ ಹೋದಾಗ ಪಕ್ಕದ ಮನೆಯ ಹೊಸ ಸೊಸೆ ಜಗಲಿಯಲ್ಲಿ ಅವಳ ಹತ್ತಿರ ಕೂತಿದ್ದಳು. ಅಕ್ಕನ ಮಗು ದೊಡ್ಡಮ್ಮನ ಮಡಿಲಲ್ಲಿತ್ತು.

"ಮಗು ನಿದ್ದೆ ಮಾಡಲಿಲ್ಲ. ಬಸ್ಸು ಬಂತು" ಎಂದಳು ದೊಡ್ಡಮ್ಮ.

"ಬಸ್ಸಿನ ಶಬ್ದಕ್ಕೆ ಎಚ್ಚರ ಆಯ್ತಾ ಅಜ್ಜಿ?" ಎಂದಳು ಸೊಸೆ.

ದೊಡ್ಡಮ್ಮ ಅಲ್ಲವೆಂದು ತಲೆಯಾಡಿಸಿ ಕಾಯುತ್ತ ಕೂತಳು.

"ಹಾಗಲ್ಲವಾ? ಮತ್ತೆ, ಅಪ್ಪ ಬರ್ತಾನೆ ಅಂತ ನಿದ್ದೆ ಮಾಡದೆ ಕಾದದ್ದಾ?"

ದೊಡ್ಡಮ್ಮ ಆ ಹುಡುಗಿಯ ಕೈ ತಟ್ಟಿ ಜೋರಾಗಿ ನಕ್ಕಳು. ಅಷ್ಟರಲ್ಲಿ ಬಾವ ಗೇಟು ದಾಟಿ ಬರುತ್ತಿದ್ದ. ಮಗು ಅವನ ಕಡೆ ಎರಡೂ ಕೈ ಚಾಚಿತು.